ಗೋಡೆಯ ಮೇಲಿನ ಅಜ್ಜನ ಮುಖ

ನಾನು ಗಂಭೀರವಾಗಿ ಏನಾದರೂ ಮಾಡಲು ಹೊರಟೆ ಅಂದರೆ ಜೊತೆಯಲ್ಲಿರುವವರಿಗೆ ನಗುವ ಕೆಲಸ ಸಿಕ್ಕಿತು ಅಂತಲೇ ಲೆಕ್ಕ. ಇದರಲ್ಲಿ ನನ್ನ ತಪ್ಪೇನಿಲ್ಲ. ಬಯಲುಸೀಮೆಯ ಹಳ್ಳಿಯಲ್ಲಿ ಹುಟ್ಟಿ, ಕೋಟೆಯಿರುವ ಬೆಟ್ಟವನ್ನು ಬರಿಗಾಲಲ್ಲಿ ಹತ್ತಿಳಿದು ಬೆಳೆದು, ಇವತ್ತು ನ್ಯೂಜೆರ್ಸಿಯ ಸೇತುವೆಗಳ ಬಿರುಕು ನೋಡಿ ರಿಪೋರ್ಟ್ ಬರೆಯುವ ಇಂಜಿನಿಯರ್ ಆಗಿರುವವನಿಗೆ ಕೆಲವು ವಿಷಯ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರುತ್ತವೆ. ಗೊತ್ತಿದ್ದದ್ದನ್ನು ಹೇಳುತ್ತೇನೆ, ಅಷ್ಟೇ. ಕಳೆದ ಸೆಪ್ಟೆಂಬರಿನಲ್ಲಿ ಇಟಲಿಯ ಒಂದು ಬೆಟ್ಟದೂರಿಗೆ ಹೋದಾಗಲೂ ನಾನು ಮಾಡಿದ್ದು ಇಷ್ಟೇ.

ಅಂಕಲ್

ಹೋಬೋಕನ್‌ನಲ್ಲಿ ನಾನೂ ನನ್ನ ರೂಮ್‌ಮೇಟೂ ಒಬ್ಬ ಇಟಾಲಿಯನ್ ಮುದುಕರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇವೆ. ರೂಮ್‌ಮೇಟ್ ಹುಬ್ಬಳ್ಳಿಯವನು, ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವನು. ಮುದುಕರು ಎಂಬತ್ತು ದಾಟಿದವರು. ಬಂದರಿನಲ್ಲಿ ಹಡಗಿನಿಂದ ಸರಕು ಇಳಿಸುತ್ತಿದ್ದವರು. ಹೆಂಡತಿ ತೀರಿಕೊಂಡಿದ್ದಾರೆ. ಮೊದಲ ದಿನವೇ ನಾನು ಅವರನ್ನು ಅಂಕಲ್ ಅಂದೆ.

"ನಾನೇನು ನಿನ್ನ ಅಪ್ಪನ ತಮ್ಮನಾ, ಅಮ್ಮನ ಅಣ್ಣನಾ?"

"ಎರಡೂ ಅಲ್ಲ. ನಮ್ಮಲ್ಲಿ ವಯಸ್ಸಾದವರೆಲ್ಲ ಅಂಕಲ್ಲೇ."

"ಅಷ್ಟು ಜನಕ್ಕೆ ಕ್ರಿಸ್‌ಮಸ್ ದಿನ ಊಟ ಯಾರು ಹಾಕ್ತಾರಯ್ಯಾ?" ಅಂದರು. ಆಮೇಲೆ ಒಪ್ಪಿಕೊಂಡರು.

ಬೇಸಿಗೆಯಲ್ಲಿ ಅವರ ಕಣ್ಣು ಕೈಕೊಡತೊಡಗಿತು. ಯಾವುದನ್ನೇ ನೇರ ನೋಡಿದರೂ ನಟ್ಟನಡುವೆ ಒಂದು ಕಪ್ಪು ಮಚ್ಚೆ. ಅದು ದೊಡ್ಡದಾಗುತ್ತಾ ಹೋಗುತ್ತದೆ, ಮುಖಗಳು ಗುರುತು ಸಿಗುವುದು ಇನ್ನು ಕೆಲವೇ ತಿಂಗಳು ಅಂತ ಡಾಕ್ಟರು ಹೇಳಿದ್ದರು. ನಾವು ರಜೆಗೆ ಇಟಲಿಗೆ ಹೊರಟಿದ್ದು ತಿಳಿದು ಅವರು ಮೆಟ್ಟಿಲು ಹತ್ತಿ ಬಂದರು. ಹಿಂದೆಯೇ ಲಾಂಗ್ ಐಲ್ಯಾಂಡಿನಿಂದ ಬಂದಿದ್ದ ಮಗಳು.

ಮಾತಾಡಿದ್ದು ಮಗಳು. "ಅಪ್ಪನ ಅಜ್ಜನ ಮುಖ ಅಲ್ಲಿ, ನಮ್ಮ ಹಿರಿಯರ ಊರಿನ ಚರ್ಚಿನ ಗೋಡೆ ಮೇಲಿದೆ. ಕೊಟ್ಟಿಗೆಯಲ್ಲಿ ಮಗು ಯೇಸು, ಮುಂದೆ ಮಂಡಿಯೂರಿದ ಕುರಿಗಾಹಿ. ಆ ಕುರಿಗಾಹಿಯನ್ನು ಅಜ್ಜನನ್ನೇ ನೋಡಿ ಬರೆದದ್ದಂತೆ. ಅವರ ಫೋಟೋ ಅಂತ ಬೇರೆ ಒಂದೂ ಇಲ್ಲ. ಇಂಟರ್ನೆಟ್ಟಲ್ಲಿ ಆ ಊರಿನ ಬಾಗಿಲಿದೆ, ಬೆಕ್ಕುಗಳಿವೆ, ಆ ಗೋಡೆ ಮಾತ್ರ ಇಲ್ಲ."

ಮುದುಕರು ಅಂದದ್ದು ಇಷ್ಟೇ: "ಮುಖ ಬೇಕು ನನಗೆ. ಹತ್ತಿರದಿಂದ ತೆಗೆದದ್ದು. ಕಣ್ಣಿರುವಾಗಲೇ."

ನಾನು ಎದೆ ಮುಟ್ಟಿಕೊಂಡೆ. "ತಂದೇ ತರ್ತೀನಿ ಅಂಕಲ್. ಬೆಟ್ಟ, ಕಲ್ಲು, ಗೋಡೆ ಮೂರೂ ನನ್ನ ಸಬ್ಜೆಕ್ಟು."

ಮುದುಕರು ರೂಮ್‌ಮೇಟ್ ಕಡೆ ತಿರುಗಿ "ನೀನೂ ಹೋಗ್ತೀಯಲ್ಲ?" ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಒಳದಾರಿ

ಬಸ್ಸು ಬೆಟ್ಟದ ಬುಡದಲ್ಲಿ ಇಳಿಸಿತು. ಮೇಲೆ, ಬಂಡೆಯ ನೆತ್ತಿಗೆ ಅಂಟಿಕೊಂಡ ಹಾಗೆ ಊರು. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಆಲಿವ್ ತೋಟ, ಅದರಾಚೆ ದ್ರಾಕ್ಷಿ. ಗಾಳಿ ಬೀಸಿದರೆ ಆಲಿವ್ ಎಲೆಗಳೆಲ್ಲ ಒಟ್ಟಿಗೆ ಮಗುಚಿ ಇಡೀ ಇಳಿಜಾರು ಬೆಳ್ಳಗಾಗುತ್ತಿತ್ತು. ಟಾರು ರಸ್ತೆ ಸುತ್ತಿ ಸುತ್ತಿ ಹತ್ತುತ್ತಿತ್ತು.

"ರಸ್ತೆ ಕಾರಿಗೆ. ಆಡಿನ ಜಾಡು ನನ್ನಂಥವರಿಗೆ" ಅಂದೆ.

"ಲೇ, ಹಾದಿ ಗೊತ್ತೈತೇನಲೇ ನಿನಗ?"

"ಬೆಟ್ಟ ಯಾವ ದೇಶದ್ದಾದರೂ ಬೆಟ್ಟವೇ ಕಣೋ."

ಮುಕ್ಕಾಲು ಗಂಟೆ ಹತ್ತಿ, ಒಂದು ಗೋಡೆ ಹಾರಿ ಇಳಿದದ್ದು ಕನ್ಯಾಸ್ತ್ರೀಯರ ಮಠದ ತರಕಾರಿ ಹಿತ್ತಲಿಗೆ. ಒಬ್ಬ ವಯಸ್ಸಾದ ಸಿಸ್ಟರ್ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಕೂಲಿಯವರಿಗಾಗಿ ಕಾಯುತ್ತಿದ್ದರೋ ಏನೋ, ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಏನೋ ಗದರಿ, ನನ್ನ ಕೈಗೊಂದು ಗುದ್ದಲಿ ಕೊಟ್ಟರು.

"ಟೂರಿಸ್ಟ್ ಅದೀವಿ ಅಂತ ಹೇಳಲೇ!" ಅಂತ ರೂಮ್‌ಮೇಟ್ ಪಿಸುಗುಟ್ಟಿದ.

ಗುದ್ದಲಿ ಹಿಡಿದ ಮೇಲೆ ಹಾಗೆ ಹೇಳುವುದು ನಮ್ಮ ವಂಶಕ್ಕೇ ಅವಮಾನ. ಅಂಗಿ ತೋಳು ಮಡಚಿ ಒಂದು ಪಾತಿ ಪೂರ್ತಿ ಅಗೆದು ಕೊಟ್ಟೆ. ಬೆವರೊರೆಸಿಕೊಂಡು ನಿಂತಾಗ ಸಿಸ್ಟರ್ ನನ್ನ ಕೈಯಿಂದ ಗುದ್ದಲಿ ತಗೊಂಡು ಗೇಟು ತೋರಿಸಿದರು. ಗೇಟು ದಾಟಿ ಹೆಮ್ಮೆಯಿಂದ ಹಿಂತಿರುಗಿ ನೋಡಿದೆ. ಅದೇ ಪಾತಿಯನ್ನು ಅವರು ಮೊದಲಿಂದ ಅಗೆಯುತ್ತಿದ್ದರು.

ಕಮಾನು

ಊರ ಬಾಗಿಲಿನ ಕಮಾನು ರೋಮನ್ನರಿಗಿಂತ ಹಿಂದಿನದಂತೆ. ಗಾರೆಯಿಲ್ಲ, ಕಲ್ಲಿನ ಮೇಲೆ ಕಲ್ಲು. ನಮ್ಮ ಬೆಟ್ಟದ ಕೋಟೆ ಕಟ್ಟಿದವರನ್ನು ನೆನೆದು ಒಂದು ನಿಮಿಷ ಸುಮ್ಮನೆ ನಿಂತೆ. ಆಮೇಲೆ ಬಿರುಕು ಕಣ್ಣಿಗೆ ಬಿತ್ತು. ನೆತ್ತಿಯ ಕಲ್ಲಿನಿಂದ ಎಡಕ್ಕೆ, ಬೆರಳು ತೂರುವಷ್ಟು.

ಬೆಂಚಿನ ಮೇಲೆ ಕೂತಿದ್ದ ನಿವೃತ್ತ ಮೇಷ್ಟ್ರೊಬ್ಬರಿಗೆ ಇಂಗ್ಲಿಷ್ ಬರುತ್ತಿತ್ತು. "ಸ್ವಾಮಿ, ಇದು ನನ್ನ ಕೆಲಸ. ಈ ಕಮಾನು ಇನ್ನು ಬಹಳ ದಿನ ನಿಲ್ಲಲ್ಲ. ಪಂಚಾಯ್ತಿಯವರಿಗೆ ಹೇಳಿ" ಅಂದೆ.

ಅವರು ಎದ್ದು ನನ್ನ ಕೈ ಕುಲುಕಿದರು. "ಹೇಳ್ತೀನಿ. ನನ್ನ ಬಾಲ್ಯದಲ್ಲಿ ರೋಮಿನಿಂದ ಒಬ್ಬ ದೊಡ್ಡ ಇಂಜಿನಿಯರ್ ಬಂದು ಇದನ್ನೇ ಹೇಳಿದರು. ಪುಣ್ಯಾತ್ಮರು, ಈ ಊರನ್ನೇ ಮೆಚ್ಚಿ ಇಲ್ಲೇ ಉಳಿದು ಇಲ್ಲೇ ಸತ್ತರು."

"ಹಾಗಾದರೆ ಅವರ ಮಾತಿಗೆ ಬೆಲೆ ಕೊಡಿ."

"ಕೊಟ್ಟಿದ್ದೀವಿ. ಅವರ ಗೋರಿ ಕುಸಿದಾಗಲೆಲ್ಲ ನಾವೇ ರಿಪೇರಿ ಮಾಡಿಸ್ತೀವಿ."

ತೀರ್ಥ

ಚರ್ಚಿನ ಬೀಗದ ಕೈ ಎದುರುಮನೆಯ ಹೆಂಗಸಿನ ಹತ್ತಿರ ಇತ್ತು. ಸುಮಾರು ನಮ್ಮಮ್ಮನ ವಯಸ್ಸು. ತಂಗಿ ನ್ಯೂಜೆರ್ಸಿಯಲ್ಲಿದ್ದಾಳೆ ಅಂತ ನಮ್ಮ ಮೇಲೆ ಆಕೆಗೆ ವಿಶೇಷ ಪ್ರೀತಿ; ಇಂಗ್ಲಿಷೂ ಆ ತಂಗಿಯಿಂದಲೇ ಕಲಿತದ್ದು. ನಾನು ಚಪ್ಪಲಿ ಹೊರಗೆ ಬಿಟ್ಟೆ. ಒಳಗೆ ಕಾಲಿಡುತ್ತಿದ್ದ ಹಾಗೆ ಪಕ್ಕದಲ್ಲೇ ಕಲ್ಲಿನ ಬಟ್ಟಲು, ಅದರಲ್ಲಿ ನೀರು. ದೇವರ ಮನೆಯ ಬಾಗಿಲಲ್ಲಿ ನೀರಿಟ್ಟಿದ್ದರೆ ಅದು ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಡಗೈ ಮೇಲೆ ಬಲಗೈ ಇಟ್ಟು, ಬೊಗಸೆ ತುಂಬಿ, ಮೂರು ಸಲ ಕುಡಿದು, ಉಳಿದದ್ದನ್ನು ತಲೆಗೆ ಸವರಿಕೊಂಡೆ.

ಆಕೆ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. "ಅದಕ್ಕೆ ಬೆರಳು ಅದ್ದಿ ಹಣೆಗೆ ಮುಟ್ಟಿಸಿಕೊಳ್ಳೋದು, ಮಗಾ. ಊರವರೆಲ್ಲ ಬೆರಳು ಅದ್ದಿರ್ತಾರೆ."

"ಭಕ್ತಿಯಿಂದ ಕುಡಿದರೆ ಏನೂ ಆಗಲ್ಲ" ಅಂದೆ.

ಮರುದಿನವೆಲ್ಲ ನಾನು ಹೋಟೆಲಿನ ಬಾತ್‌ರೂಮಿನಲ್ಲೇ ಇದ್ದೆ. ರೂಮ್‌ಮೇಟ್ ಆಚೆಯಿಂದ ಬಾಗಿಲು ತಟ್ಟಿ ಕೇಳುತ್ತಿದ್ದ: "ಭಕ್ತಿ ಇಳೀತೇನೋ?"

ಮೂಳೆ

ಆದರೆ ಆ ದಿನ ಚರ್ಚಿನಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಎಡಗೋಡೆಯ ಮೇಲೆ ಕೊಟ್ಟಿಗೆ, ಮಗು, ಮಂಡಿಯೂರಿದ ಕುರಿಗಾಹಿ, ಎಲ್ಲ ಇತ್ತು. ಸೋರಿ ಹಾಳಾದ ಹಳೆಯ ಚಿತ್ರಗಳನ್ನು ಮುದುಕರ ಅಜ್ಜನ ಕಾಲದಲ್ಲಿ ಒಬ್ಬ ಊರೂರು ತಿರುಗುವ ಚಿತ್ರಕಾರನ ಕೈಲಿ ಹೊಸದಾಗಿ ಬರೆಸಿದ್ದರು. ಕುರಿಗಾಹಿಯ ಮುಖ ದುಂಡಗೆ, ಹಾಲಿನ ಹಾಗೆ. ನಾನು ಹತ್ತು ಫೋಟೋ ತೆಗೆದೆ.

ರೂಮ್‌ಮೇಟ್ ಬಲಗೋಡೆಯ ಹತ್ತಿರ ನಿಂತುಬಿಟ್ಟಿದ್ದ. "ಲೇ, ಇಲ್ಲಿ ಬಾರಲೇ."

ಅಲ್ಲಿ ನರಕ. ಕೆಂಪು ಬೆಂಕಿ, ಬೆಂಕಿಯ ಮೇಲೆ ಕೊಪ್ಪರಿಗೆ, ಕೊಪ್ಪರಿಗೆಯಲ್ಲಿ ಎಂಟು ಪಾಪಿಗಳು. ಏಳು ಜನ ಬಾಯಿ ತೆರೆದು ಅಳುತ್ತಿದ್ದರು. ಎಂಟನೆಯವನು ಅಂಚಿನ ಮೇಲೆ ಮೊಣಕೈ ಊರಿ, ಕಸದ ಡಬ್ಬ ಹೊರಗಿಡುವುದನ್ನು ನಾವು ಮರೆತಾಗ ನಮ್ಮ ಮುದುಕರು ನೋಡುವ ಹಾಗೆ ನೋಡುತ್ತಿದ್ದ. ಅದೇ ಉದ್ದ ಮೂಗು, ಅದೇ ದವಡೆ.

"ದಿನಾ ನಲವತ್ತು ಮಂದಿ ಎಲುಬು ನೋಡ್ತೀನಿ. ಈ ದವಡಿ ನಮ್ಮ ಮುದುಕಂದ" ಅಂದ.

ಮುದುಕರ ಮನೆತನದ ಹೆಸರು ಹೇಳಿ ಕೇಳಿದಾಗ ಹೆಂಗಸು ತಲೆಯಾಡಿಸಿದಳು. ಹೌದು, ಆ ಮನೆತನದವನೇ. ಚಿತ್ರಕಾರನಿಗೆ ಅವನ ಮೇಲೆ ಸಿಟ್ಟಿತ್ತು ಅಂತ ಊರಿಗೆಲ್ಲ ಗೊತ್ತು.

ವಿಮಾನದಲ್ಲಿ ಏಳು ಗಂಟೆ ಜಗಳವಾಡಿದೆವು. ಕಣ್ಣು ಹೋಗುವ ಮುನ್ನ ಒಬ್ಬ ಮನುಷ್ಯ ನೋಡುವ ಕೊನೆಯ ಹೊಸ ಮುಖ, ತನ್ನ ಸ್ವಂತ ಅಜ್ಜನದ್ದು, ಅದೂ ಎಣ್ಣೆಯಲ್ಲಿ ಬೇಯುತ್ತಿರುವುದು! ಕುರಿಗಾಹಿಯನ್ನೇ ತೋರಿಸೋಣ ಅಂದೆ.

"ಸುಳ್ಳು ಹೇಳ್ತೀ?"

"ಪುಣ್ಯದ ಸುಳ್ಳು."

"ನಿನ್ನ ಪುಣ್ಯ ನಿನ್ನೆ ಬಾತ್‌ರೂಮಿನ್ಯಾಗ ನೋಡೀನಿ, ಸುಮ್ನಿರು" ಅಂದ.

ಅಜ್ಜ

ಗೆದ್ದದ್ದು ನಾನೇ. ಕುರಿಗಾಹಿಯ ಮುಖವನ್ನು ತಟ್ಟೆಯಗಲಕ್ಕೆ ಪ್ರಿಂಟ್ ಹಾಕಿಸಿ ಮುದುಕರ ಅಡುಗೆಮನೆಯ ಮೇಜಿನ ಮೇಲೆ ಇಟ್ಟೆ. ಮಗಳು ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ನೇರ ನೋಡಿದರೆ ಮಚ್ಚೆ ಅಡ್ಡ ಬರುವುದರಿಂದ ಅವರು ಕೋಳಿಯ ಹಾಗೆ ತಲೆ ಓರೆ ಮಾಡಿ, ಕಣ್ಣಂಚಿನಲ್ಲಿ ಬಹಳ ಹೊತ್ತು ನೋಡಿದರು.

"ಯಾರೋ ಒಳ್ಳೆಯವನು" ಅಂದರು. "ನಮ್ಮ ಮನೆಯವನಲ್ಲ. ಕೊಪ್ಪರಿಗೆಯಲ್ಲಿರೋನು ಎಲ್ಲಿ?"

ನಾನು ಮೇಜಿನ ಮೇಲಿನ ಪ್ರಿಂಟನ್ನು ಎತ್ತಿ, ನೇರ ಮಾಡಿ, ಮತ್ತೆ ಅಲ್ಲೇ ಇಟ್ಟೆ.

"ಅಪ್ಪಾ, ಏನು ಕೊಪ್ಪರಿಗೆ?" ಅಂದಳು ಮಗಳು.

"ನಿಮ್ಮಮ್ಮನ ತಾಯಿ ದಿನಾ ಚರ್ಚಿಗೆ ಹೋಗ್ತಿದ್ದವಳು. ನರಕದಲ್ಲಿ ಕೂತಿರೋನ ಮೊಮ್ಮಗನಿಗೆ ಹೆಣ್ಣು ಕೊಡ್ತಿದ್ದಳಾ? ಕುರಿಗಾಹಿ ಅಂದೆ. ಆಮೇಲೆ ಬದಲಾಯಿಸೋಕೆ ಆಗಲಿಲ್ಲ."

ರೂಮ್‌ಮೇಟ್ ತನ್ನ ಬ್ಯಾಗಿನಿಂದ ಇನ್ನೊಂದು ಪ್ರಿಂಟ್ ತೆಗೆದ. ನನಗೆ ಹೇಳದೆ ಮಾಡಿಸಿದ್ದ, ಕಳ್ಳ.

ಮುದುಕರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಕೈ ಕಾಗದದ ಮೂಗಿನ ಮೇಲೆ, ಇನ್ನೊಂದು ಕೈ ತಮ್ಮ ಮೂಗಿನ ಮೇಲೆ. ಅವರ ಭಾಷೆಯಲ್ಲಿ ಮೆಲ್ಲಗೆ ಒಂದು ಮಾತು ಅಂದರು. ಅರ್ಥ ಕೇಳಬೇಕಾಗಿರಲಿಲ್ಲ. ನಾವು ಮೂವರೂ ಬೇರೆ ಕಡೆ ನೋಡಿದೆವು.

ಪ್ರಿಂಟನ್ನು ಕೆಳಗಿಡದೆಯೇ ಕೇಳಿದರು: "ಯಾಕೆ ಹಾಕಿದನಂತೆ ಇಲ್ಲಿಗೆ? ನಮ್ಮಪ್ಪನಿಗೂ ಗೊತ್ತಿರಲಿಲ್ಲ."

ಬೀಗದ ಕೈ ಹೆಂಗಸು ಹೇಳಿದ್ದನ್ನು ಹೇಳಿದೆ. ಚಿತ್ರಕಾರ ಅದೇ ಗೋಡೆಯ ಮೇಲೆ ಕುದುರೆಯೇರಿದ ಒಬ್ಬ ಸಂತನನ್ನು ಬರೆದಿದ್ದ. ಇವರ ಅಜ್ಜ ಭಾನುವಾರದ ಪೂಜೆಯ ನಡುವೆ, ಊರವರೆಲ್ಲರ ಎದುರಿಗೆ ಎದ್ದು ನಿಂತು, ಅದು ಕುದುರೆಯಲ್ಲ, ನಾಯಿ ಅಂದಿದ್ದ.

ಮುದುಕರು ಕೈ ಚಾಚಿದರು. "ಆ ಕುದುರೆ ಫೋಟೋ ಇದೆಯಾ?"

ಫೋನಿನಲ್ಲಿತ್ತು. ದೊಡ್ಡದು ಮಾಡಿ ಕೊಟ್ಟೆ. ಅವರು ತಲೆ ಓರೆ ಮಾಡಿದರು. ಈ ಕಡೆಯಿಂದ ನೋಡಿದರು, ಆ ಕಡೆಯಿಂದ ನೋಡಿದರು. ಫೋನು ಮೇಜಿನ ಮೇಲಿಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತು, ತೀರ್ಪು ಕೊಡುವ ಜಡ್ಜಿನ ದನಿಯಲ್ಲಿ ಅಂದರು:

"ನಾಯಿಯೇ."