ಮೂರು ಚಕ್ರ, ನಾಲ್ಕು ನಿಂಬೆಹಣ್ಣು

ಮನೆಯಲ್ಲೊಂದು ಹಳೇ ಗಾಡಿ ಇದ್ದರೆ ನಗುವಿಗೆ ಬರವಿಲ್ಲ. ನಗುವವರು ಮಾತ್ರ ಯಾವಾಗಲೂ ಬೇರೆಯವರು. ಡಾಟ್‌ಕಾಮ್ ಭರಾಟೆಯ ಆ ಕಾಲದಲ್ಲಿ ಅಮೆರಿಕದ ಸನ್ನಿವೇಲ್‌ನ ನಮ್ಮ ಗ್ಯಾರೇಜಿನಲ್ಲಿ ಅಂಥದೊಂದು ಗಾಡಿ ಇತ್ತು. ಅದರ ದೆಸೆಯಿಂದ ನಡೆದದ್ದರಲ್ಲಿ ನನ್ನ ಮಾನ ಅಷ್ಟಿಷ್ಟು ಉಳಿಯುವಂಥವನ್ನು ಮಾತ್ರ ಹೇಳುತ್ತೇನೆ.

ಮೇಜು ತರಲು ಹೋದದ್ದು

ಹುಬ್ಬಳ್ಳಿಯಿಂದ ಅತ್ತೆ ಬರುವವರಿದ್ದರು. ಅವರಿಗೆ ಮಂಡಿನೋವು, ನೆಲದ ಮೇಲೆ ಕೂತು ಊಟ ಮಾಡಲಾಗದು. ಹೀಗಾಗಿ ಹೆಂಡತಿ ನನ್ನನ್ನು ಲಾಸ್ ಗ್ಯಾಟೋಸ್‌ನಲ್ಲಿ ಯಾರೋ ಹಳೇ ಸಾಮಾನು ಮಾರುತ್ತಿದ್ದ ಗ್ಯಾರೇಜ್ ಸೇಲ್ ಒಂದಕ್ಕೆ ಊಟದ ಮೇಜು ತರಲು ಕಳಿಸಿದಳು. ಮೇಜು ಇತ್ತು. ಅದರ ಪಕ್ಕದಲ್ಲಿ ಇದೂ ಇತ್ತು: ಮುಂದೊಂದು, ಹಿಂದೆರಡು ದಪ್ಪ ಚಕ್ರ, ಬೈಕಿನ ಹ್ಯಾಂಡಲ್ಲು, ಹಗ್ಗ ಎಳೆದರೆ ಚಾಲೂ ಆಗುವ ಎಂಜಿನ್ನು. ಸದ್ಯಕ್ಕೆ ಎಳೆದರೂ ಆಗುತ್ತಿರಲಿಲ್ಲ. ಮರಳಿನಲ್ಲಿ, ಗುಡ್ಡದಲ್ಲಿ ಓಡಿಸಲು ಹಿಂದೆ ಜನ ಕೊಳ್ಳುತ್ತಿದ್ದರಂತೆ. ಪಲ್ಟಿ ಹೊಡೆಯುತ್ತವೆಂದು ಆಮೇಲೆ ತಯಾರಿಸುವುದನ್ನೇ ಬಿಟ್ಟರಂತೆ. ಆಗ ನಮ್ಮ ಆಫೀಸಿನಲ್ಲಿ ಸ್ಟಾಕ್ ಆಪ್ಷನ್ನಿನ ದುಡ್ಡು ಬಂದವರೆಲ್ಲ ಛಾವಣಿ ಮಡಚುವ ಕಾರು ಕೊಳ್ಳುತ್ತಿದ್ದರು. ನನಗೂ ಛಾವಣಿಯಿಲ್ಲದ್ದೊಂದು ಬೇಕೆನಿಸಿತು.

ಮನೆಗೆ ತಂದಿಳಿಸಿದ ಗಾಡಿಗೆ ಹೆಂಡತಿ ಒಂದು ಪ್ರದಕ್ಷಿಣೆ ಹಾಕಿದಳು.

"ಮೇಜು ಎಲ್ರೀ?"

"ಮೇಜು ಯಾವಾಗ ಬೇಕಾದ್ರೂ ಸಿಗುತ್ತೆ. ಇದು ಆಫ್‌ರೋಡ್ ಗಾಡಿ. ರಸ್ತೆ ಇಲ್ಲದ ಕಡೆ ಓಡಿಸೋದು."

"ನಮ್ಮನೆ ಮುಂದೆ ರಸ್ತೆ ಇದೆಯಲ್ಲ."

ನನ್ನ ಹತ್ತಿರ ಬೆಂಗಳೂರು ಕನ್ನಡ ಆಡುವ ಅವಳಿಗೆ ಸಿಟ್ಟು ಬಂದಾಗ ಮಾತ್ರ ಹುಬ್ಬಳ್ಳಿ ಹೊರಗೆ ಬರುತ್ತದೆ. ಅವತ್ತು ಬಂತು. "ಆಯುಧಪೂಜಿ ದಿನ ಇದು ಓಡಿದ್ರ ಇರತೈತಿ. ಇಲ್ಲಾಂದ್ರ ಗುಜರಿಗೆ ಹೋಗತೈತಿ. ನನ್ನ ಕಾರು ಬಿಸಲಾಗ ನಿಂತೈತಿ."

ನನಗೆ ನಿಜವಾಗಿ ಹೆದರಿಕೆಯಾಯಿತು. ಮಂಡ್ಯದಲ್ಲಿ ನಮ್ಮಪ್ಪ ನನ್ನ ಕೈಗೆ ಒಂದು ದಿನವೂ ಸ್ಪಾನರ್ ಕೊಟ್ಟವರಲ್ಲ, "ನೀನು ಓದ್ಕೋ ಹೋಗು" ಎನ್ನುತ್ತಿದ್ದರು. ಓದಿ ಎಂಜಿನಿಯರ್ ಆದೆ, ಎಂಜಿನ್ ಮುಟ್ಟಲಿಲ್ಲ. ಸಾಯುವುದರೊಳಗೆ ಒಂದನ್ನಾದರೂ ಕೈಯಾರೆ ಎಬ್ಬಿಸಬೇಕೆಂಬ ಆಸೆ ನನ್ನದು. ಎಬ್ಬಿಸದಿದ್ದರೆ ಏನೆಂದು ಅವಳು ಹೇಳಿಯಾಗಿತ್ತು.

ಸಿಲಿಂಡರ್ ಇಲ್ಲದ ಮನೆ

ಅತ್ತೆ ಬಂದರು. ಬಂದವರೇ ಅಡುಗೆಮನೆ ಹೊಕ್ಕು, ಒಲೆಯ ಕೆಳಗೆ ಬಗ್ಗಿ ನೋಡಿ ಕೇಳಿದರು, "ಅಳಿಯಾರ, ಸಿಲಿಂಡರ್ ಎಲ್ಲೈತ್ರಿ?"

"ಇಲ್ಲಿ ಸಿಲಿಂಡರ್ ಇಲ್ಲ ಅತ್ತೆ, ಪೈಪಲ್ಲಿ ಬರುತ್ತೆ."

"ರಾತ್ರಿ ಮಲಗೂ ಮುಂದ ಹೆಂಗ ಬಂದ್ ಮಾಡ್ತೀರಿ?"

"ಮಾಡಲ್ಲ."

ತಲೆಬಾಗಿಲು ತೆರೆದಿಟ್ಟು ಮಲಗುತ್ತೇವೆ ಎಂದವನನ್ನು ನೋಡುವ ಹಾಗೆ ಅವರು ನನ್ನನ್ನು ನೋಡಿದರು. ಸಿಲಿಂಡರಿನ ಕಿವಿ ತಿರುಗಿಸದೆ ಒಂದು ರಾತ್ರಿಯೂ ಮಲಗಿದವರಲ್ಲ ಅವರು. ನಮ್ಮ ಮನೆಯಲ್ಲಿ ತಿರುಗಿಸಲು ಏನೂ ಇಲ್ಲ. ನಿದ್ದೆ ಹತ್ತಿರ ಸುಳಿಯಲಿಲ್ಲ. ನಾವು ಜೆಟ್ ಲ್ಯಾಗ್ ಎಂದೆವು. ವಾರಗಟ್ಟಲೆ ಕಳೆದರೂ ಅದನ್ನೇ ಹೇಳುತ್ತಿದ್ದೆವು. ಕೊನೆಗೆ ಅತ್ತೆಯೇ ಕೇಳಿದರು, "ಇಷ್ಟೊತ್ತಿಗೆ ಇಮಾನ ನಮ್ಮೂರಿಗೆ ವಾಪಸ್ ಮುಟ್ಟಿರಬೇಕಲ್ರಿ, ಇನ್ನೂ ಅದರದ್ದೇ ಹೇಳ್ತೀರಲ್ಲ?"

ಹುಣಸೆಹಣ್ಣಿನ ಮಹಿಮೆ

ಗಾಡಿಯ ನಟ್ಟು ಬೋಲ್ಟುಗಳಿಗೆಲ್ಲ ತುಕ್ಕು ಹಿಡಿದಿತ್ತು. ತುಕ್ಕು ಬಿಡಿಸಲು ಅಂಗಡಿಯಲ್ಲಿ ಏನೇನೋ ದ್ರಾವಣ ಸಿಗುತ್ತವೆ. ಆದರೆ ದೇವರ ಹಿತ್ತಾಳೆ ಸಾಮಾನನ್ನು ಹುಣಸೆಹಣ್ಣಿನಲ್ಲಿ ಬೆಳಗುವುದನ್ನು ನೋಡಿ ಬೆಳೆದವನು ನಾನು. ಒಂದು ಬಟ್ಟಲು ಹುಣಸೆಹಣ್ಣು ನೆನೆಸಿ, ಅದರಲ್ಲಿ ಅವನ್ನೆಲ್ಲ ಮುಳುಗಿಸಿ, ಮಾರನೇ ದಿನ ತೆಗೆದು ನೋಡಿದರೆ ಫಳಫಳ. ನೋಡಿದ ಸಂತೋಷದಲ್ಲಿ ಬಟ್ಟಲನ್ನು ಅಡುಗೆಮನೆಯಲ್ಲೇ ಮರೆತೆ.

ಅವತ್ತು ನನ್ನ ಹಾಸನದ ಗೆಳೆಯ ಊಟಕ್ಕೆ ಬಂದ. ರೆಡ್‌ವುಡ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸ ಅವನಿಗೆ. ಬಟ್ಟಲಿನ ಹುಣಸೆಹಣ್ಣು ಅಮ್ಮ ನೆನೆಸಿದ್ದೆಂದು ಹೆಂಡತಿ, ಮಗಳು ನೆನೆಸಿದ್ದೆಂದು ಅತ್ತೆ ತಿಳಿದು, ಅಂತೂ ಸಾರು ಆಯಿತು. ಗೆಳೆಯ ಎರಡನೇ ಸಲ ಹಾಕಿಸಿಕೊಂಡು, "ಊರು ಬಿಟ್ಟ ಮೇಲೆ ಇಂಥ ಸಾರು ತಿಂದೇ ಇಲ್ಲ" ಎಂದ. ಆಮೇಲೆ ಕಟ್ ಎಂದಿತು. ಅವನು ಅಗಿಯುವುದನ್ನು ನಿಲ್ಲಿಸಿ, ಎರಡು ಬೆರಳಲ್ಲಿ ಬಾಯಿಂದ ಒಂದು ವಾಷರ್ ತೆಗೆದು ತಟ್ಟೆಯ ಅಂಚಿಗಿಟ್ಟ. ನಾನು ತಡೆಯಲಾರದೆ ಹೇಳಿದೆ, "ಬೆಳಗಿನಿಂದ ಇದನ್ನೇ ಹುಡುಕ್ತಾ ಇದ್ದೆ ಕಣೋ."

ಒಂದು ನಿಮಿಷದ ಎಂಜಿನ್ನು

ಕಡೆಗೊಂದು ಸಂಜೆ ಗಾಡಿ ಚಾಲೂ ಆಯಿತು. ನಮ್ಮ ಬೀದಿಯಲ್ಲಿ ಒಂದು ಸುತ್ತು ಹೊಡೆದು ಬಂದೆ. ಗ್ಯಾರೇಜೆಲ್ಲ ಪೆಟ್ರೋಲು ವಾಸನೆ, ನನಗದು ಧೂಪದ ಹಾಗೆ. ಕಣ್ಣಲ್ಲಿ ನೀರು ಬಂತು, ಹೊಗೆಯಿಂದ ಎಂದು ಹೆಂಡತಿಗೆ ಹೇಳಿದೆ.

ಮಾರನೇ ದಿನ ಹಗ್ಗ ಎಳೆದೆ. ಒಂದು ನಿಮಿಷ ಓಡಿ ಸತ್ತಿತು. ಎಂಜಿನ್ನಿಗೆ ಪೆಟ್ರೋಲು ಉಣಿಸುವ ಕಾರ್ಬ್ಯುರೇಟರ್ ಕಟ್ಟಿಕೊಂಡಿದೆಯೆಂದು ಬಿಚ್ಚಿ ತೊಳೆದೆ. ಮತ್ತೆ ಜೋಡಿಸುವಾಗ ಅದಕ್ಕೊಂದು ಗುಟುಕು ಪೆಟ್ರೋಲು ಕುಡಿಸಬೇಕೆಂದು ಎಲ್ಲೋ ಓದಿದ್ದೆ, ಕುಡಿಸಿದೆ. ಒಂದು ನಿಮಿಷ ಓಡಿ ಸತ್ತಿತು. ಅಲ್ಲಿಂದ ಶುರುವಾಯಿತು ನೋಡಿ: ಬಿಚ್ಚುವುದು, ತೊಳೆಯುವುದು, ಕುಡಿಸುವುದು, ಒಂದು ನಿಮಿಷ. ಒಂದು ವಿಷಯದಲ್ಲಿ ಮಾತ್ರ ನನಗೆ ಹೆಮ್ಮೆಯಿತ್ತು. ಟ್ಯಾಂಕಿನಿಂದ ಬರುವ ಪೈಪು ಕಿತ್ತರೂ ಪೆಟ್ರೋಲು ಸೋರುತ್ತಿರಲಿಲ್ಲ. ನನ್ನ ಕೈಗುಣ ಎಂದುಕೊಂಡಿದ್ದೆ.

ಮನೆಯಲ್ಲಿ ನಡೆದ ಒಳ್ಳೆಯದೆಂದರೆ, ಆ ಹೊತ್ತಿಗೆ ಅತ್ತೆಗೆ ಚೆನ್ನಾಗಿ ನಿದ್ದೆ ಹತ್ತತೊಡಗಿತ್ತು. "ಅವ್ವಗ ಇಲ್ಲಿ ಹವಾ ಒಗ್ಗಿತು" ಎಂದು ಹೆಂಡತಿ ಖುಷಿಪಟ್ಟಳು.

ಹಬ್ಬ ಹತ್ತಿರ ಬಂತು. ಹಾಸನದ ಗೆಳೆಯನನ್ನು ಕರೆಸಿದೆ. ಅವನು ಗಾಡಿಯ ಸುತ್ತ ಸುಳಿದಾಡಿ, ಅದು ಒಂದು ನಿಮಿಷ ಓಡಿ ಸಾಯುವುದನ್ನು ಗಡಿಯಾರ ನೋಡಿಕೊಂಡು ಪರೀಕ್ಷಿಸಿದ. "ಇದಕ್ಕೆ ಯಾಕೆ ತಲೆ ಕೆಡಿಸ್ಕೊಂಡಿದೀಯ?" ಎಂದ. "ನಮ್ಮ ಕಂಪನೀಲಿ ಇಷ್ಟೊತ್ತು ಓಡಿದ್ರೆ ರಿಲೀಸ್ ಮಾಡ್ಬಿಡ್ತೀವಿ."

ಆಯುಧಪೂಜೆ

ಗಾಡಿಗೆ ಚೆಂಡುಹೂವಿನ ಹಾರ, ಅರಿಶಿನ, ಕುಂಕುಮ ಎಲ್ಲ ಆಯಿತು. ಹೆಂಡತಿ ಅಭ್ಯಾಸಬಲದಿಂದ ನಾಲ್ಕು ನಿಂಬೆಹಣ್ಣು ತಂದಿದ್ದಳು. ಮೂರು ಚಕ್ರಕ್ಕೆ ಮೂರು ಇಟ್ಟು, ಉಳಿದದ್ದನ್ನು ನನ್ನ ಜೇಬಿಗೆ ಹಾಕಿ, "ಓಡದಿದ್ರೆ ಪಾನಕ ಮಾಡ್ತೀನಿ" ಎಂದಳು. ಪಕ್ಕದ ಮನೆಯ ಅಮೆರಿಕನ್ ಮುದುಕ ಬೇಲಿಯ ಮೇಲಿಂದ ನೋಡುತ್ತಿದ್ದ. ಗಾಡಿ ಜಾರದಿರಲೆಂದು ಇಟ್ಟಿದ್ದೇವೆ ಅಂದುಕೊಂಡನೋ ಏನೋ, "ಅದಕ್ಕೆ ಹಣ್ಣು ಸಾಲದು" ಎಂದು ಒಳಗೆ ಹೋಗಿ ಒಂದು ಇಟ್ಟಿಗೆ ತಂದುಕೊಟ್ಟ.

ಹಗ್ಗ ಎಳೆದೆ. ಗಾಡಿ ಗುಡುಗಿತು, ಮೂರೂ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ, ಅಂಚೆ ಡಬ್ಬಿಯ ತನಕ ಹೋಗಿ, ಸತ್ತಿತು. ಮತ್ತೆ ಎಳೆದೆ. ಎಳೆದೆ. ಹಾರದ ಹೂವೆಲ್ಲ ಉದುರಿದವು, ಗಾಡಿ ಕೆಮ್ಮಲೂ ಇಲ್ಲ. ಗೆಳೆಯ ಮುಖ ಬೇರೆ ಕಡೆ ತಿರುಗಿಸಿದ. ಗುಜರಿಯವನಿಗೆ ಮಧ್ಯಾಹ್ನ ಬರಲು ಹೆಂಡತಿ ಆಗಲೇ ಹೇಳಿಟ್ಟಿದ್ದಳು.

ಆರತಿ ತಟ್ಟೆ ಹಿಡಿದು ನಿಂತಿದ್ದ ಅತ್ತೆ ಮೆಲ್ಲಗೆ ಕೇಳಿದರು, "ಅಳಿಯಾರ, ತೋಟಿ ತಗದೀರೇನ್ರಿ?"

"ಯಾವ ತೋಟಿ?"

ಅವರು ಬಗ್ಗಿ, ಟ್ಯಾಂಕಿನ ಕೆಳಗಿನ ಪುಟ್ಟ ನಲ್ಲಿಯನ್ನು ತೋರಿಸಿದರು. ಅದು ಬಿಗಿಯಾಗಿ ಮುಚ್ಚಿತ್ತು.

"ಅವ್ವಾ, ಇದನ್ನ ಯಾರು ಬಂದ್ ಮಾಡಿದ್ರು?" ಹೆಂಡತಿ ಕೇಳಿದಳು.

"ನಾನಽ. ಅವತ್ತು ವಾಸನಿ ಬಂತಲ್ಲ, ಅವತ್ತಿಂದ. ಪಕ್ಕದಾಗ ನೀರು ಕಾಸೂ ಬಾಯ್ಲರ್ ಉರೀತಿರತೈತಿ, ಇವರು ನೋಡಿದ್ರ ಹಂಗಽ ಬಿಟ್ಟು ಮಲಗತಾರ. ದಿನಾ ಮಲಗೂ ಮುಂದ ಹೋಗಿ ತಿರುವಿ ನೋಡಿ ಬರ್ತೀನಿ. ರಾತ್ರಿ ಬಂದ್ ಮಾಡೂದು ನನ್ನ ಕೆಲಸ. ಮುಂಜಾನೆ ಒಲಿ ಹಚ್ಚೋರು ತಗೀಬೇಕಲ್ಲ, ಅದನ್ನೂ ನಾನಽ ಹೇಳಬೇಕೇನು?"

ನಾನು ನಲ್ಲಿ ತೆಗೆದೆ. ಹೆಂಡತಿ ನನ್ನ ಜೇಬಿಗೆ ಕೈ ಹಾಕಿ, ನಾಲ್ಕನೇ ನಿಂಬೆಹಣ್ಣನ್ನು ತೆಗೆದು ಮುಂದಿನ ಚಕ್ರದ ಕೆಳಗಿಟ್ಟಳು. ಹಗ್ಗ ಎಳೆದೆ. ಬೀದಿಯ ಕೊನೆಯವರೆಗೂ ಹೋಗಿ ತಿರುಗಿ ಬಂದೆ, ಇನ್ನೊಂದು ಸುತ್ತು ಹೋದೆ, ಗಾಡಿ ಸಾಯಲಿಲ್ಲ. ಮುದುಕ ತನ್ನ ಇಟ್ಟಿಗೆ ಎತ್ತಿಕೊಂಡು ದಾರಿ ಬಿಟ್ಟ.

ವಾಪಸ್ ಬಂದಾಗ ಹೆಂಡತಿ ಫೋನಿನಲ್ಲಿ ಗುಜರಿಯವನಿಗೆ ಬರಬೇಡವೆಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಗಾಡಿಗೆ ಏನಾಗಿತ್ತೆಂದು ಅವನು ಕೇಳಿರಬೇಕು.

"ಗಾಡಿಗೆ ಏನೂ ಆಗಿರಲಿಲ್ಲ" ಎಂದಳು ಗಂಭೀರವಾಗಿ. "ನಮ್ಮಮ್ಮನಿಗೆ ನಿದ್ದೆ ಬರ್ತಿರಲಿಲ್ಲ."