ಮುದ್ದೆ ತಿರುವಿದ ಅಧ್ಯಕ್ಷ

ಅಡುಗೆ ಬಾರದವನಿಗೆ ಅಡುಗೆಯ ವಿಷಯದಲ್ಲಿ ಇರುವಷ್ಟು ಧೈರ್ಯ ಅಡುಗೆ ಬಲ್ಲವರಿಗೆ ಇರುವುದಿಲ್ಲ. ನಾನು ಮಂಡ್ಯ ಕಡೆಯವನು. ಮುದ್ದೆ ತಿಂದು ಬೆಳೆದವನಿಗೆ ಮುದ್ದೆ ಮಾಡುವುದೂ ತಾನಾಗಿಯೇ ಬರುತ್ತದೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಈ ನಂಬಿಕೆಯನ್ನು ಯಾರೂ ಪರೀಕ್ಷಿಸಿರಲಿಲ್ಲ, ಅಷ್ಟೆ.

ಈಗ ನಾನಿರುವ ಈ ತಮಿಳು ಮಹಾನಗರದಲ್ಲಿ, ಗಿಂಡಿಯ ನಮ್ಮ ಆಫೀಸಿನಲ್ಲಿ, ದಾವಣಗೆರೆ ಕಡೆಯ ರುದ್ರೇಶ ಎಂಬ ಗೆಳೆಯನಿದ್ದಾನೆ. ಮದುವೆಯಾಗಿ ಹೆಂಡತಿ ಗೌರಿಯನ್ನು ಪೆರುಂಗುಡಿಗೆ ಕರೆತಂದು ಕೆಲವೇ ತಿಂಗಳಾಗಿತ್ತು. ಒಂದು ದಿನ ಅವನು ಊಟದ ಡಬ್ಬಿ ತೆರೆಯದೆ ಕೂತಿದ್ದ. "ಊರಿಗೆ ಹೊಂಟು ನಿಂತಾಳೆ ಸರ್. ತಮಿಳು ಬರಲ್ಲ, ಮಾತಾಡಾಕೆ ಒಬ್ಬರೂ ಇಲ್ಲ ಅಂತಾಳೆ. ಈ ಸಲ ಹೋದ್ರೆ ವಾಪಸ್ ಬರ್ತಾಳೋ ಇಲ್ಲೋ" ಎಂದ. ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಅದಕ್ಕೇ ಬಾಯಿಗೆ ಬಂದದ್ದನ್ನು ಹೇಳಿದೆ: "ನಾವೊಂದು ಅಡುಗೆ ಕ್ಲಬ್ ಮಾಡೋಣ. ತಿಂಗಳಿಗೊಂದು ಭಾನುವಾರ ಒಬ್ಬೊಬ್ಬರ ಮನೇಲಿ ಸೇರಿ ಅಡುಗೆ. ಮೊದಲನೇದು ನಮ್ಮನೇಲಿ. ಮುದ್ದೆ ನಂದು."

ಸಂಜೆ ಹೆಂಡತಿ ಶೈಲಜಾ ಎಲ್ಲವನ್ನೂ ಕೇಳಿಸಿಕೊಂಡು, "ಕ್ಲಬ್ ಒಳ್ಳೇದೇ ರೀ. ಮುದ್ದೆ ಯಾರು ಮಾಡ್ತಾರೆ?" ಎಂದಳು. ನಾನೇ ಎಂದಾಗ ಅವಳು ಅನ್ನಕ್ಕೆ ಇನ್ನೊಂದಿಷ್ಟು ಅಕ್ಕಿ ತೆಗೆದಿಡುವ ಮಾತಾಡಿದಳು.

ಭಾನುವಾರ ಅವರಿಬ್ಬರೂ ಇಡೀ ನಗರ ದಾಟಿ ಮಾಧವರಂನ ನಮ್ಮ ಮನೆಗೆ ಬಂದರು. ಗೌರಿ ಅಡುಗೆಮನೆ ಬಾಗಿಲ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತಳು. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೇ. ಶೈಲಜಾ ಸೊಪ್ಪಿನ ಸಾರಿಗೆ ಒಗ್ಗರಣೆ ಹಾಕಿದಳು. ನಾನು ಕುದಿಯುವ ನೀರಿಗೆ ರಾಗಿಹಿಟ್ಟು ಸುರಿದು, ಅದು ಬೇಯುವ ಮೊದಲೇ ಕೋಲು ಹಿಡಿದು ಗರಗರ ತಿರುವಿದೆ. ಹಿಟ್ಟು ಗಂಟು ಕಟ್ಟಿತು. ಬಲ ಹಾಕಿ ತಿರುವಿದಷ್ಟೂ ಗಂಟುಗಳು ಹೆಚ್ಚಿದವು, ಪಾತ್ರೆಯೂ ನನ್ನ ಜೊತೆಗೇ ತಿರುಗತೊಡಗಿತು. ಕನ್ನಡ ಅರ್ಥವಾದರೂ ತಮಿಳಿನಲ್ಲೇ ಉತ್ತರಿಸುವ ನನ್ನ ಮಗಳು ಇಣುಕಿ ನೋಡಿ, "ಅಪ್ಪಾ, ಇದು ಎನ್ನ, ಸಿಮೆಂಟಾ?" ಎಂದಳು.

ಎನ್ನ ಎಂದರೆ 'ಏನು' ಎಂದು ಗೊತ್ತಿಲ್ಲದ ಗೌರಿಗೂ ಸಿಮೆಂಟು ಅರ್ಥವಾಯಿತು. ಮೊದಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು, ಆಮೇಲೆ ತಡೆಯಲಾರದೆ ಗಟ್ಟಿಯಾಗಿ ನಕ್ಕಳು. ಅವಳ ನಗು ಕೇಳಿ ರುದ್ರೇಶ ಹಾಲ್‌ನಿಂದ ಎದ್ದು ಬಂದು ಬಾಗಿಲಲ್ಲೇ ನಿಂತುಬಿಟ್ಟ. "ಸರ್, ನೀವು ಸ್ವಲ್ಪ ಈ ಕಡೆ ಬರ್ರಿ" ಎಂದು ಗೌರಿ ನನ್ನ ಕೈಯಿಂದ ಕೋಲು ತೆಗೆದುಕೊಂಡಳು. "ಅಕ್ಕಾ, ಈರುಳ್ಳಿ ಹೆಚ್ಚಿ ಕೊಡ್ರಿ. ಹಸಿಮೆಣಸಿನಕಾಯಿ ಎಲ್ಲೈತಿ?" ನನ್ನ ಸಿಮೆಂಟಿಗೆ ಒಣ ಹಿಟ್ಟು ಸೇರಿಸಿ, ಗಂಟೆಲ್ಲ ಹಿಸುಕಿ ನಾದಿ, ಕಾವಲಿಯ ಮೇಲೆ ರೊಟ್ಟಿ ತಟ್ಟಿದಳು. ಮಗಳು ಪಕ್ಕದಲ್ಲಿ ನಿಂತು ಒಂದೊಂದಕ್ಕೂ ತಮಿಳು ಹೆಸರು ಹೇಳಿಕೊಟ್ಟಳು. ವೆಂಗಾಯಂ ಎಂದರೆ ಈರುಳ್ಳಿಯೇ ಎಂದು ತಿಳಿದಾಗ ಗೌರಿ, "ಅಷ್ಟೇ ಏನು? ನಾನು ಮಾರ್ಕೆಟ್‌ನಾಗೆ ಕೈಸನ್ನೆ ಮಾಡಿ ಸಾಕಾಗಿದ್ದೆ" ಎಂದಳು.

ರೊಟ್ಟಿ ಸಾಲದೆ ಬಂತು. ಹೊರಡುವಾಗ ಶೈಲಜಾ, "ಊರಿಗೆ ಯಾವಾಗಮ್ಮ?" ಎಂದು ಮೆಲ್ಲಗೆ ಕೇಳಿದಳು. "ಮುಂದಿನ ತಿಂಗಳು ಕ್ಲಬ್ ನಮ್ಮನೇಲಿ ಐತಲ್ಲಕ್ಕಾ, ಹೆಂಗೆ ಹೋಗ್ಲಿ" ಎಂದಳು ಗೌರಿ. ರುದ್ರೇಶ ಚಪ್ಪಲಿ ಹುಡುಕುವ ನೆಪದಲ್ಲಿ ಬಹಳ ಹೊತ್ತು ಬಗ್ಗಿಯೇ ಇದ್ದ.

ಪೆರುಂಗುಡಿಯಲ್ಲಿ ಕ್ಲಬ್ ಸೇರಿದಾಗ ನಾನು ಅಂಗಿಯ ತೋಳು ಮಡಚಿಕೊಂಡು ಅಡುಗೆಮನೆಗೆ ಹೊರಟೆ. "ಸರ್, ನೀವು ಅಧ್ಯಕ್ಷರು. ಹಾಲ್‌ನಾಗೇ ಕುಂದರಬೇಕು" ಎಂದಳು ಗೌರಿ. ಶೈಲಜಾ ಕೂಡಲೇ ಅನುಮೋದಿಸಿದಳು. ಅಂದಿನಿಂದ ಅಲ್ಲೇ ಕೂತಿದ್ದೇನೆ, ಸುಖವಾಗಿದ್ದೇನೆ. ಅಡುಗೆ ಕ್ಲಬ್ಬಿನ ಅಧ್ಯಕ್ಷನೆಂದು ಆಫೀಸಿನಲ್ಲೆಲ್ಲ ಹೇಳಿಕೊಂಡು ತಿರುಗುತ್ತೇನೆ. ಹೇಗೆ ಆಯ್ಕೆಯಾದಿರಿ ಎಂದು ಪುಣ್ಯಕ್ಕೆ ಇನ್ನೂ ಯಾರೂ ಕೇಳಿಲ್ಲ.