ನಾನ್ ಪ್ಲೇಯಿಂಗ್ ಕ್ಯಾಪ್ಟನ್

ನನ್ನ ತಮ್ಮ ನಲವತ್ತು ವರ್ಷದಿಂದ ಭಾರತ ದೇಶದ ಟೆನಿಸ್ ತಂಡಕ್ಕ ಕ್ಯಾಪ್ಟನ್ ಇದ್ದಾನ. ಈ ಸಂಗತಿ ಭಾರತ ದೇಶಕ್ಕಾಗಲಿ, ಟೆನಿಸ್ ಆಡೋರಿಗಾಗಲಿ ಇನ್ನೂ ಗೊತ್ತಿಲ್ಲ, ಅಷ್ಟೇ! ಗೊತ್ತಿರೋದು ಅವನಿಗೆ, ಅವನ ಹೆಂಡ್ತಿಗೆ, ಅವನ ಪ್ಲಾಸ್ಟಿಕ್ ಕುರ್ಚಿಗೆ, ಮತ್ತ ಅವನಿಗೆ ಅಕ್ಕ ಆಗಿ ಹುಟ್ಟಿದ ತಪ್ಪಿಗೆ ನನಗೆ.

ಈಗ ಯಾಕ ಹೇಳಾಕತ್ತೀನಿ ಅಂದ್ರ, ಹೋದ ವರ್ಷ ರಾಯಚೂರಾಗ ನನ್ನ ಬಲಗಾಲ ಮೊಣಕಾಲಿನ ಆಪರೇಷನ್ ಆತು. ಡಾಕ್ಟರು ಒಂದೇ ಮಾತು ಹೇಳಿದ್ರು: "ಯವ್ವಾ, ಹೊಸಾದು ಕೂಡಿಸೋದು ನನ್ನ ಕೆಲಸ, ಮಡಚೋದು ನಿನ್ನ ಕೆಲಸ. ಒಂದು ತಿಂಗಳದಾಗ ತೊಂಬತ್ತು ಬರಬೇಕು. ಇಲ್ಲಂದ್ರ ಕಾಲು ಕೋಲಾಗಿ ನಿಂತುಬಿಡ್ತದ."

"ತೊಂಬತ್ತು ಬರಾಕ ಇನ್ನ ಹದಿನೆಂಟು ವರ್ಷ ಬೇಕ್ರೀ" ಅಂದೆ. ಅವರು ಹೇಳಿದ್ದು ವಯಸ್ಸಿನ ತೊಂಬತ್ತಲ್ಲ, ಗೌಂಡಿ ಗ್ವಾಡಿಗೆ ಹಿಡಿಯೋ ಮೂಲಿಮಟ್ಟದ ತೊಂಬತ್ತು ಡಿಗ್ರಿ.

ನನ್ನ ಆಸೆನೂ ಏನು ದೊಡ್ಡದಲ್ಲ. ದೇವದುರ್ಗದ ಬಸ್ಸಿನ ಮೊದಲನೇ ಮೆಟ್ಟಲಾ ನಾನೇ ಹತ್ತಬೇಕು. ಅಷ್ಟೇ. ಆ ಮೆಟ್ಟಲಾ ಮಾಡಿದವನು ಆನಿ ಹತ್ತೋ ಮನಿತನದವನಿರಬೇಕು! ಎರಡು ವರ್ಷದಿಂದ ಯಾರಾದ್ರೂ ಹಿಂದಿನಿಂದ ನೂಕಿ ನನ್ನನ್ನ ಜೋಳದ ಚೀಲದಂಗ ಒಳಗ ಒಗೀತಿದ್ರು. ಇನ್ನೊಮ್ಮೆ ಹಂಗ ಹತ್ತೋದಿದ್ರ ಊರಿಗೇ ಹೋಗಂಗಿಲ್ಲ ಅಂತ ಹಟ ಹಿಡಿದಿದ್ದೆ. ಮೊಣಕಾಲು ಮಡಚಿದ್ರ ನನ್ನ ಊರು ಮಸರಕಲ್, ನನ್ನ ಮನಿ. ಮಡಚಲಿಲ್ಲಂದ್ರ ಸಾಯೋತನಕ ರಾಯಚೂರಾಗ ತಮ್ಮನ ಮನಿ, ಅವನ ಕುರ್ಚಿ ಎದುರಿಗೆ. ಅದೆಷ್ಟು ಘೋರ ಅಂತ ನಿಮಗೇ ಗೊತ್ತಾಗಬೇಕಂದ್ರ ಆ ಕುರ್ಚಿ ವಿಚಾರ ಹೇಳಬೇಕು.

ನನ್ನ ತಮ್ಮ ವಯಸ್ಸಿನಾಗ ರಾಯಚೂರಿನ ಒಂದು ಸಾಹೇಬರ ಕ್ಲಬ್ಬಿನಾಗ ಕೆಲಸಕ್ಕಿದ್ದ. ಟೆನಿಸ್ ಅಂಗಳಕ್ಕ ನೀರು ಹೊಡಿಯೋದು, ರೋಲರ್ ಎಳಿಯೋದು, ಸುಣ್ಣದ ಗೆರಿ ಹಾಕೋದು. ರಾಕೆಟ್ ಹಿಡಿದವನಲ್ಲ. ಸಾಹೇಬರ ಬೆವರಿನ ರಾಕೆಟ್ ಒರಸಿ ಗೂಟಕ್ಕ ಹಾಕಿದ್ದೇ ಅವನ ಆಟ. ಆ ಕ್ಲಬ್ಬಿನ ಟಿವಿಯಾಗ ಡೇವಿಸ್ ಕಪ್ ಅಂತ ಬರ್ತಿತ್ತು. ಅದರಾಗ ಯಾರೂ ತಮ್ಮ ತಮ್ಮ ಹೆಸರಿಗೆ ಆಡಂಗಿಲ್ಲ, ಗಂಡಸರ ತಂಡ ಕಟ್ಟಿಕೊಂಡು ದೇಶದ ಹೆಸರಿಲೆ ಆಡ್ತಾರ. ನಾನು ಮೊದಲ ಸಲ ಕೇಳಿದಾಗ "ದೇವೀಸ್ ಕಪ್ಪು" ಅಂತ ಕೇಳಿಸಿ, "ಯಾವ ದೇವಿಲೇ, ದ್ಯಾಮವ್ವನೋ ಎಲ್ಲಮ್ಮನೋ?" ಅಂದಿದ್ದೆ. ಪೇಪರಿನಾಗ ಅದರ ಚಿತ್ರ ತೋರಿಸಿದ. ಚಾ ಕುಡಿಯೋ ಕಪ್ಪಲ್ರೀ ಅದು, ಒಳಗ ಎರಡು ಕೂಸು ಕೂಡಿಸಿ ಜಳಕ ಮಾಡಿಸಬಹುದು!

ಟಿವಿ ಮುಂದ ಎಲ್ಲರೂ ಚೆಂಡು ನೋಡಾಕತ್ತಿದ್ರ, ಚಾ ಕೊಡಾಕ ಹೋದ ನನ್ನ ತಮ್ಮನ ಕಣ್ಣು ಅಂಗಳದ ಬಾಜೂಕ ಕುರ್ಚಿ ಹಾಕ್ಕೊಂಡು ಕುಂತಿದ್ದ ಒಬ್ಬ ಮನಿಷ್ಯಾನ ಮ್ಯಾಲ ನೆಟ್ಟಿತ್ತು. ಅವನು ಓಡಂಗಿಲ್ಲ, ಹೊಡಿಯಂಗಿಲ್ಲ. ಆಟಗಾರ ದಣದು ಬಂದ್ರ ಟವೆಲ್ ಕೊಡ್ತಾನ, ನೀರು ಕೊಡ್ತಾನ, ಕಿವ್ಯಾಗ ಎರಡು ಮಾತು ಹೇಳ್ತಾನ. ಆಟಗಾರ ಎದ್ದು ಹೋಗಿ ಹುಲಿ ಹಂಗ ಹೊಡೀತಾನ! "ಯಾರ್ರೀ ಅವರು?" ಅಂತ ಕೇಳಿದ್ದಕ್ಕ ಸಾಹೇಬರು ಅಂದ್ರಂತ: "ನಾನ್ ಪ್ಲೇಯಿಂಗ್ ಕ್ಯಾಪ್ಟನ್."

ಮುಂದಿನ ವಾರ ಮಸರಕಲ್ಲಿಗೆ ಬಂದವನೇ ಅಂದ: "ಯಕ್ಕಾ, ಆದ್ರ ನಾನ್ ಪ್ಲೇಯಿಂಗ್ ಕ್ಯಾಪ್ಟನ್ ಆಗಬೇಕು ನೋಡು. ಆಗೇಬಿಟ್ಟೀನಿ ಅಂತ ತಿಳಕೋ."

ನೀವೇ ಹೇಳ್ರಿ, ನಾನೇನು ತಿಳಕೋಬೇಕು? ನಾನ್ ಅಂದ್ರ ನಾನು! ತಮ್ಮ ಆಡ್ತಾನ, ಅದೂ ಕ್ಯಾಪ್ಟನ್ ಆಗಿ ಆಡ್ತಾನ! ಹಿಟ್ಟಿನ ಗಿರಣಿಯಾಗ ಒಬ್ಬಾಕಿಗೆ ಹೇಳಿದೆ. ಜೋಳ ಹಿಟ್ಟಾಗೋದರೊಳಗ ಊರಿಗೇ ಗೊತ್ತಾತು. ಊರ ಹಿರೇರು ಶಾಲು ತಂದ್ರು, ಚೆಂಡು ಹೂವಿನ ಹಾರ ತಂದ್ರು, ಹನುಮಪ್ಪನ ಕಟ್ಟಿ ಮ್ಯಾಲ ಕೂಡಿಸಿ ಸನ್ಮಾನ ಮಾಡಿದ್ರು. ಎಲ್ಲಿಂದಲೋ ಒಂದು ಹರಕು ರಾಕೆಟ್ ತಂದು ಕೈಯಾಗ ಕೊಟ್ರು.

"ಒಂದು ಏಟು ಹೊಡದು ತೋರಿಸ್ರಿ ಕ್ಯಾಪ್ಟನ್ರೇ!"

ಹಾವು ಕಂಡವನಂಗ ಹಿಂದ ಸರದ. "ನಾನು ಹೊಡಿಯಂಗಿಲ್ರೀ. ನಾನ್ ಪ್ಲೇಯಿಂಗ್."

"ಅದನ್ನೇ ನಾವೂ ಅನ್ನಾಕತ್ತೀವಿ. ನೀವೇ ಪ್ಲೇಯಿಂಗ್. ಏಳ್ರಿ, ಪ್ಲೇ ಮಾಡ್ರಿ!"

"ಅಯ್ಯ, ನಾನ್ ಪ್ಲೇಯಿಂಗ್ ಅಂದ್ರ ನಾನು ಪ್ಲೇಯಿಂಗ್ ಅಲ್ರೀ!"

"ಈಗ ನಾನು ಅಂದ್ರಿ, ಈಗ ಅಲ್ಲ ಅಂತೀರಿ. ಯಾವುದರ ಒಂದು ಹೇಳ್ರಿ."

"ನಾನ್ ಅಂದ್ರ ಅಲ್ಲ!"

"ನೀವಲ್ಲಂದ್ರ ಮತ್ತ್ಯಾರ್ರೀ?"

ಅರ್ಧ ತಾಸು ಹಿಂಗೇ ನಡೀತು. ಕಡೀಕ ಸಾಲಿ ಮಾಸ್ತರು ಬಂದು ಬಿಡಿಸಿ ಹೇಳಿದ್ರು: ಇಂಗ್ಲಿಷಿನಾಗ ನಾನ್ ಅಂದ್ರ ಅಲ್ಲ ಅಂತ, ಇವನು ಆಡದೇ ಇರೋ ಕ್ಯಾಪ್ಟನ್ ಅಂತ. ಎಂಥಾ ಭಾಷೆರೀ ಅದು! ನಮ್ಮೂರಾಗ "ನಾನ್" ಅಂತ ಎದಿ ಬಡಕೊಳ್ಳದ ಗಂಡಸು ಒಬ್ಬನಿಲ್ಲ, ಅವರಿಗೆ ಅದೇ ಮಾತು ಅಲ್ಲ ಅಂತಾಗ್ತದ! ಹಿರೇರು ಬಹಳ ಸಭ್ಯಸ್ತರು. "ಶಾಲು ಹೊಚ್ಚಿದ್ದು ಹೊಚ್ಚಿದ್ವಿ, ಇರ್ಲಿ. ಹಾರ ಇತ್ತಾಗ ಕೊಡ್ರಿ" ಅಂತ ಬಿಚ್ಚಿಸಿಕೊಂಡು ಹನುಮಪ್ಪಗ ಹಾಕಿದ್ರು. ನಾನು ಎರಡು ತಿಂಗಳು ಗಿರಣಿ ಕಡಿ ಮುಖ ಹಾಕಲಿಲ್ಲ.

ಇಷ್ಟಾದ ಮ್ಯಾಲ ಮಾನ ಮರ್ಯಾದಿ ಇದ್ದವನು ಬಿಟ್ಟುಬಿಡ್ತಿದ್ದ. ಇವನು ಪ್ಲಾಸ್ಟಿಕ್ ಕುರ್ಚಿ ಕೊಂಡ! ಅವತ್ತಿಂದ ಇವತ್ತಿನ ತನಕ ಎಲ್ಲಿ ಯಾರು ಬೆವರು ಸುರಿಸಿ ದುಡಿಯಾಕತ್ತಿದ್ರೂ ಬಾಜೂಕ ಇವನ ಕುರ್ಚಿ. ಹೆಗಲ ಮ್ಯಾಲ ಟವೆಲ್, ಒಂದು ಕೈಯಾಗ ನೀರಿನ ತಂಬಿಗಿ, ಇನ್ನೊಂದರಾಗ ಬಾಳಿಹಣ್ಣು.

ಹೆಂಡ್ತಿ ರೊಟ್ಟಿ ಬಡಿಯಾಕ ಕುಂತ್ರ ಒಲಿ ಬಾಜೂಕ ಬಂದು ಕೂಡ್ತಾನ. ಟೆನಿಸಿನಾಗ ಒಂದು, ಮೂರು, ಐದು ಹಿಂಗ ಬೆಸ ಲೆಕ್ಕದ ಗೇಮ್ ಮುಗಿದಾಗ ಆಟಗಾರರು ಆ ಕಡಿಯವರು ಈ ಕಡಿಗೆ, ಈ ಕಡಿಯವರು ಆ ಕಡಿಗೆ ಹೋಗಬೇಕಂತ. ಮೊದಲನೇದಕ್ಕ ಕೂಡಂಗಿಲ್ಲ, ಬರೀ ಜಾಗ ಬದಲಿ. ಹಂಗಾಗಿ ಒಂದು ರೊಟ್ಟಿ ಆದ ಕೂಡಲೇ "ಜಾಗ ಬದಲಿ!" ಅಂತಾನ. ಒಲಿ ಏನು ಎರಡು ಬಾಯಿಲೆ ಉರೀತದೇನು, ಪಾಪ ಆಕಿ ಆ ಕಡಿಯಿಂದ ಬಡಿಯಾಕ?

"ಭುಜ ಸಡಲ ಬಿಡು. ಎಡಗೈ ಚಂದ ಬರಾಕತ್ತದ" ಅಂತಾನ, ಮೂರನೇ ರೊಟ್ಟಿಗೆ ಮುಖ ಒರಸಾಕ ಹೋಗ್ತಾನ.

"ಓಣಿ ಮಂದಿ ನೋಡ್ತಾರ, ಸರೀರಿ ಆ ಕಡಿ! ಅಷ್ಟು ಕಾಳಜಿ ಇದ್ರ ಹಿಟ್ಟು ನಾದಿ ಕೊಡ್ರಿ."

"ನಿಯಮ ಇಲ್ಲ. ಕ್ಯಾಪ್ಟನ್ ರಾಕೆಟ್ ಮುಟ್ಟಂಗಿಲ್ಲ."

"ಉಣ್ಣಾಕ ನಿಯಮ ಅದ ಏನು?"

ಸೋಮಾರಿತನಕ್ಕ ದೇಶದ ಮಟ್ಟದ ಹೆಸರು ಇಟ್ಟುಕೊಂಡವನನ್ನ ನಾನು ಇವನೊಬ್ಬನನ್ನೇ ನೋಡೀನಿ!

ಮಾನ್ವಿಯಾಗ ನಮ್ಮ ದೂರದ ಸಂಬಂಧಿಕರ ಮದುವಿ ಆತು. ಬ್ಯಾಸಗಿ, ಲೈಟಿನ ಕಾವು, ಮದುಮಗನ ಮುಖದಾಗ ಬೆವರು. ಕೇಳಬೇಕೇನು? ಹಂದರದ ಕಟ್ಟಿ ಮ್ಯಾಲ ಕುರ್ಚಿ ಹೋತು. ಹೆಣ್ಣಿನ ಕಡಿಯವರು ಇವನು ಗಂಡಿನ ಕಡಿಯವನು ಅಂತ ಸುಮ್ಮನಿದ್ರು, ಗಂಡಿನ ಕಡಿಯವರು ಹೆಣ್ಣಿನ ಸ್ವಾದರಮಾವ ಇರಬೇಕು ಅಂತ ಸುಮ್ಮನಿದ್ರು. ತಾಳಿ ಕಟ್ಟೋ ಹೊತ್ತಿಗೆ ಮದುಮಗನ ಕಿವ್ಯಾಗ ಅಂದನಂತ: "ಮೊದಲ ಸೆಟ್ ಹೋದ್ರ ಹೋಗ್ಲಿ ತಮ್ಮಾ, ಆಟ ಬಹಳ ಉದ್ದ ಅದ." ಇವತ್ತಿಗೂ ಆ ಮದುವಿ ಆಲ್ಬಮ್ ತಗದ್ರ ಬಲಕ್ಕ ಹೆಣ್ಣು, ಎಡಕ್ಕ ಗಂಡು, ನಡುವ ನನ್ನ ತಮ್ಮ, ಕೈಯಾಗ ಸುಲಿದ ಬಾಳಿಹಣ್ಣು. ಮೂರು ಮಂದಿ ಕೂಡಿ ಮದುವಿ ಆದಂಗ ಕಾಣ್ತದ!

ಇವನಿಗೆ ಬೆಲಿ ಕೊಟ್ಟವರು ಒಬ್ಬರೇ, ಅವನ ಓಣಿ ಮೂಲ್ಯಾಗಿನ ದರ್ಜಿ ಚಾಚಾ. ರಂಜಾನ್ ತಿಂಗಳು ಅವರಿಗೆ ಉಸಿರು ಬಿಡಾಕ ಪುರಸೊತ್ತಿರಂಗಿಲ್ಲ, ಹಬ್ಬದ ಬಟ್ಟಿ ಗುಡ್ಡ ಬಿದ್ದಿರ್ತದ. ಮಷೀನ್ ಬಾಜೂಕ ಇವನು ಕುರ್ಚಿ ಹಾಕಿ, ಮೂರು ಅಂಗಿ ಆದ ಕೂಡಲೇ ತಂಬಿಗಿ ಮುಂದ ಹಿಡದ.

"ಅರೆ ಕಪ್ತಾನ್ ಸಾಬ್, ರೋಜಾ ಹೈ! ಉಪವಾಸ ಅದ!"

ನನ್ನ ತಮ್ಮ ನಾಲಿಗಿ ಕಚ್ಚಿಕೊಂಡ. ತಂಬಿಗಿ ಕೆಳಗಿಟ್ಟ. ಮಸೂತ್ಯಾಗ ಸಂಜಿ ಬಾಂಗ್ ಆಗೋತನಕ ತಾನೂ ಹನಿ ನೀರು ಮುಟ್ಟಲಿಲ್ಲ. ಆಟಗಾರ ಕುಡೀದ ಹೊರತು ಕ್ಯಾಪ್ಟನ್ ಕುಡಿಯಂಗಿಲ್ಲಂತ! ಆ ತಿಂಗಳು ಪೂರ್ತಿ ಹಿಂಗೇ ಮಾಡಿದ. ಚಾಚಾ ನನ್ನ ಮುಂದನೇ ಅಂದಿದ್ರು: "ಇವರು ಬಾಜೂ ಕುಂತ್ರ ಹಾತ್ ಆಪಿಚ್ ಚಲ್ತಾ, ಯವ್ವಾ. ಕೈ ತಾನೇ ಓಡ್ತದ." ಇಬ್ಬರಿಗೂ ಹುಚ್ಚು ಅಂದುಕೊಂಡೆ.

ಈಗ ತಿಳೀತಲ್ಲ, ಆಪರೇಷನ್ ಆಗಿ ಇಂಥವನ ಮನ್ಯಾಗ ಒಂದು ತಿಂಗಳು ಮಲಗೋದಂದ್ರ ಏನು ಅಂತ?

ಅದೇ ತಿಂಗಳದಾಗ ನಮ್ಮ ದೇಶದ ಡೇವಿಸ್ ಕಪ್ ಆಟ ಇತ್ತು. "ಮೊದಲು ಮೂರು ದಿನ ಇರ್ತಿತ್ತು ಯಕ್ಕಾ, ಈಗ ಎರಡಕ್ಕ ಇಳಿಸ್ಯಾರ" ಅಂತ ನನ್ನ ಮುಂದ ಹೊಟ್ಟಿ ಉರಕೊಂಡ. ಇವನು ಆಟ ತಪ್ಪಿಸಿಕೊಂಡವನೇ ಅಲ್ಲ. ತನ್ನ ಮದುವಿ ದಿನಾನೂ ಅರಿಷಿಣ ಮೈಲೆ ಕ್ಲಬ್ಬಿಗೆ ಓಡಿಹೋಗಿ ಟಿವಿ ಮುಂದ ನಿಂತಿದ್ದ. ಕ್ಯಾಲೆಂಡರಿನಾಗ ಎರಡು ದಿನಕ್ಕ ಕೆಂಪು ಗೆರಿ ಹೊಡದು ಇಟ್ಟಿದ್ದ.

ನನ್ನ ಹಾಸಿಗಿ ಬಾಜೂಕ ಕುರ್ಚಿ ಬಂತು. ಹಿಮ್ಮಡ ಜಗ್ಗಿಕೊಂಡು ಮೊಣಕಾಲು ಮಡಚಬೇಕು, ದಿನಕ್ಕ ಮೂರು ಸಲ. ಜೀವ ಹೋದಂಗ ನೋವು. ಇವನು ಎಣಿಸ್ತಾನ: "ಹದಿನೈದು... ಮೂವತ್ತು... ನಲವತ್ತು... ಗೇಮ್!"

"ಲೇ, ನಲವತ್ತೈದು ಎಲ್ಲಿ ಹೋತಲೇ? ನಾಕು ವರ್ಷ ಸಾಲಿಗೆ ಹೋದ ನನಗೂ ಹದಿನೈದರ ಮಗ್ಗಿ ಬರ್ತದ!"

"ಟೆನಿಸಿನಾಗ ನಲವತ್ತೈದು ಇಲ್ಲ ಯಕ್ಕಾ."

"ಡಾಕ್ಟರು ತೊಂಬತ್ತು ಅಂದಾರ. ನಿನ್ನ ಲೆಕ್ಕದಾಗ ಅದು ಯಾವ ಜನ್ಮಕ್ಕ ಬರ್ತದ?"

"ಹೋದದ್ದು ಹೋತು. ಮುಂದಿನ ಪಾಯಿಂಟ್ ನೋಡು."

ಬೈದೆ. ತಂಬಿಗಿ ಒಗದೆ. ಟವೆಲ್ ಕಿಟಕಿ ಹೊರಗ ಒಗದೆ, ಹೋಗಿ ತಂದು ಜಾಡಿಸಿ ಮತ್ತ ಹೆಗಲಿಗೆ ಹಾಕ್ಕೊಂಡು ಕುಂತ.

ಮೂರು ವಾರ ಆದ್ರೂ ಕಾಲು ಎಪ್ಪತ್ತು ದಾಟಲಿಲ್ಲ. ಸೋಮವಾರ ಡಾಕ್ಟರ ಹತ್ರ ಹೋಗೋದಿತ್ತು. ಆಗ್ಲೂ ಬರಲಿಲ್ಲಂದ್ರ ಮಂಪರು ಕೊಟ್ಟು ತಾವೇ ಜಗ್ಗಿ ಮಡಚ್ತೀವಿ ಅಂದಿದ್ರು. ಈ ವಯಸ್ಸಿಗೆ ಮತ್ತೊಮ್ಮೆ ಮಂಪರು ತಡೀತದೋ ಇಲ್ಲೋ ಅಂತ ಅವರವರೇ ಮಾತಾಡಿಕೊಂಡಿದ್ದನ್ನ ನಾನು ಕೇಳಿದ್ದೆ. ತಮ್ಮನೂ ಕೇಳಿದ್ದ.

ಆ ಕಡೀ ಎರಡು ದಿನ ಅವನು ಮೂರು ಸಲ ಅಲ್ಲ, ತಾಸಿಗೊಮ್ಮೆ ಮಾಡಿಸಿದ. ಮುಂಜಾನಿಯಿಂದ ದೀಪ ಹಚ್ಚೋತನಕ ಕುರ್ಚಿ ಬಿಟ್ಟು ಏಳಲಿಲ್ಲ. ನೋವಿನಾಗ ನನಗ ಯಾವ ವಾರ, ಯಾವ ತಾರೀಖು ಒಂದೂ ಖಬರಿರಲಿಲ್ಲ.

"ನೋವು ನಂದು, ಕುರ್ಚಿ ನಿಂದು! ನಿನಗೇನು ಗೊತ್ತಾಗ್ತದಲೇ?" ಅಂತ ಒದರಿದೆ.

ಅವನು ಟವೆಲ್ಲಿಲೆ ನನ್ನ ಹಣಿ ಒರಸಿ, "ಹದಿನೈದು" ಅಂತ ಮತ್ತ ಮೊದಲಿಂದ ಎಣಿಸಾಕ ಹತ್ತಿದ. ಸಿಟ್ಟಿಗೆ ಹಿಮ್ಮಡ ಜಗ್ಗಿದೆ ನೋಡ್ರಿ, ಒಳಗ ಏನೋ ಪಟ್ ಅಂತು. ಮುರೀತು ಅಂದುಕೊಂಡೆ. ಮಡಚಿತ್ತು.

ಸೋಮವಾರ ಡಾಕ್ಟರು ಪಟ್ಟಿ ಹಿಡದು ಅಳದ್ರು. "ತೊಂಬತ್ತೆರಡು! ಯಾರು ಮಾಡಿಸಿದ್ರು ಯವ್ವಾ?" ಅಂದ್ರು. "ಯಾರು ಮಾಡಸ್ತಾರ, ನಾನೇ ಮಾಡೀನಿ" ಅಂದೆ. ಸುಳ್ಳೇನಲ್ಲಲ್ಲ?

ಬುಧವಾರ ಊರಿಗೆ ಹೊಂಟೆ. ರಾಯಚೂರು ಬಸ್ ಸ್ಟ್ಯಾಂಡಿನಾಗ ದೇವದುರ್ಗದ ಬಸ್ಸು ನಿಂತಿತ್ತು. ಮೆಟ್ಟಲಾ ಎಂದಿನಂಗ ಎದಿ ಎತ್ತರಕ್ಕಿತ್ತು. ಹಿಂದಿನಿಂದ ಒಬ್ಬಾಕಿ ನೂಕಾಕ ಬಂದ್ಲು. "ಕೈ ತಗಿ ತಾಯಿ" ಅಂದೆ. ಎಡಗಾಲು ಇಟ್ಟೆ, ಕಂಬಿ ಹಿಡದೆ, ಬಲಗಾಲು ಮಡಚಿ ಎತ್ತಿದೆ. ಹತ್ತಿಬಿಟ್ಟೆ! ಯಾರೂ ಚಪ್ಪಾಳೆ ಹೊಡೀಲಿಲ್ಲ. "ಒಳಗ ಸರೀರಿ" ಅಂದ್ರು.

ಕಿಟಕಿ ಬಾಜೂಕ ಕುಂತೆ. ತಮ್ಮ ಕೆಳಗ ನಿಂತಿದ್ದ. ಜೀವ ಹಗುರಾಗಿ, ಅವನ ವಿಚಾರ ಕೇಳೋಣು ಅನ್ನಿಸಿತು.

"ಲೇ, ನಿನ್ನ ಕಪ್ಪಿನ ಆಟ ಎಂದು?"

"ಆತಲ್ಲ ಯಕ್ಕಾ. ಹೋದ ಶನಿವಾರ, ಐತವಾರ."

"ಗೆದ್ದೇವೇನು?"

"ಗೊತ್ತಿಲ್ಲ."

"ಗೊತ್ತಿಲ್ಲಂದ್ರ? ನಿನಗ ಗೊತ್ತಿಲ್ಲಂದ್ರ?"

"ಯಾರಿಗೂ ಕೇಳಿಲ್ಲ ಇನ್ನೂ."

"ನನ್ನ ಕಾಲಿನ ಸಲುವಾಗಿ ಬಿಟ್ಟೇನಲೇ?"

"ನಿನ್ನ ಕಾಲಿಗೆ ಅಷ್ಟು ದೊಡ್ಡಸ್ತಿಕಿ ಬ್ಯಾಡ. ಎರಡೂ ದಿನ ಕರೆಂಟ್ ಇರಲಿಲ್ಲ, ಟಿವಿ ಹಚ್ಚಲಿಲ್ಲ, ಅಷ್ಟೇ."

ಎರಡೂ ದಿನ ನನ್ನ ತಲಿ ಮ್ಯಾಲ ಫ್ಯಾನು ಗರಗರ ತಿರುಗಿತ್ತು.

ಬಸ್ಸು ಹೊಂಟಿತು. ಕಂಡಕ್ಟರ್ ಬಂದು "ಎಲ್ಲಿಗೆ ಯವ್ವಾ?" ಅಂದ. ಮತ್ತ ಕೇಳಿದ. ಮೂರನೇ ಸಲ ಜೋರಾಗಿ ಕೇಳಿದ. ನಾನು ಕಿಟಕಿಯಿಂದ ತಲಿ ಹೊರಗ ಹಾಕಿ, ಅವನ ಹೆಗಲ ಮ್ಯಾಲಿನ ಟವೆಲ್ ಕಾಣೋತನಕ ಹಿಂದಕ್ಕ ನೋಡಾಕತ್ತಿದ್ದೆ.